ಮಣೆ ಮೇಲೆ ಕೂತ ಫೋನು, ಅಮೆರಿಕದ ದೊಡ್ಡ ಕೋರ್ಟು

ನಿಮ್ಮಲ್ಲಿ ಯಾರಾದರೂ ಮೊಬೈಲ್ ಫೋನನ್ನು ಮಣೆ ಮೇಲೆ ಕೂರಿಸಿ, ಹೂ ಮುಡಿಸಿ, ಆರತಿ ಎತ್ತಿ ಸೀಮಂತ ಮಾಡಿದ್ದುಂಟಾ? ಇಲ್ಲ ತಾನೇ? ಹಾಗಾದರೆ ನಗಬೇಡಿ, ಸುಮ್ಮನೆ ಓದಿ. ನಾವು ಮಾಡಿದ್ದೇವೆ. ಮಸ್ಕತ್ತಿನಲ್ಲಿ, ಒಂದು ಶುಕ್ರವಾರ ಸಂಜೆ, ಮನೆ ತುಂಬ ಜನ ಸೇರಿಸಿ. ಅದಕ್ಕೆ ಕಾರಣ ಅಮೆರಿಕದ ದೊಡ್ಡ ಕೋರ್ಟು. ಆ ಕೋರ್ಟಿನ ಮೇಲೆ ನನಗೆ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ನಾನು ಮಗ ಸೊಸೆಯ ಜೊತೆ ಮಸ್ಕತ್ತಿನ ಸೀಬ್‌ನಲ್ಲಿರುವವಳು. ಮಗನಿಗೆ ಒಬ್ಬಳೇ ಮಗಳು. ಅವಳು ಮದುವೆಯಾಗಿ ಗಂಡನ ಜೊತೆ ಅಮೆರಿಕದಲ್ಲಿದ್ದಾಳೆ. ಒಮಾನಿನಲ್ಲಿ ವಾಟ್ಸಾಪಿನ ಮೆಸೇಜು ಹೋಗುತ್ತದೆ, ಫೋನ್ ಕಾಲು ನೆಟ್ಟಗೆ ಹೋಗುವುದಿಲ್ಲ. ಮೊಮ್ಮಗಳ ಮುಖ ನೋಡಬೇಕಾದರೆ ಮಗ ತನ್ನ ಆಫೀಸಿನ ಮೀಟಿಂಗಿನ ಆಪ್ ಹಾಕಿಕೊಡಬೇಕು. ಹಾಕಿಕೊಟ್ಟವನು ಎದ್ದು ಹೋಗುತ್ತಾನಾ? ಇಲ್ಲ, ಪಕ್ಕದಲ್ಲೇ ಕೂರುತ್ತಾನೆ. ಮಗ ಪಕ್ಕದಲ್ಲಿ ಕೂತರೆ ಸೊಸೆಯ ಬಗ್ಗೆ ಮಾತಾಡುವುದು ಹೇಗೆ? ಅದಕ್ಕೇ ನಾನು ಟೈಪು ಮಾಡಲು ಕಲಿತದ್ದು. ಕಲಿಸಿದವಳು ಸೊಸೆಯೇ, ಪಾಪ. ಮನೆಯಲ್ಲಿ ನಮ್ಮದು ತುಳು, ಟೈಪು ಮಾಡುವುದು ಕನ್ನಡ, ಮೊಮ್ಮಗಳು ಉತ್ತರ ಕೊಡುವುದು ಅರ್ಧ ಇಂಗ್ಲಿಷು. ಹೇಗೋ ನಡೆಯುತ್ತದೆ.

ಅವಳು ಬಸುರಿ ಎಂದು ಮೊದಲು ಗೊತ್ತಾದದ್ದು ನನಗೆ. ಅಪ್ಪ ಅಮ್ಮನಿಗೆ ಹೇಳುವ ಮೊದಲು ಅಜ್ಜಿಗೆ ಒಂದು ಪುಟ್ಟ ಮಗುವಿನ ಚಿತ್ರ ಕಳಿಸಿದಳು. ನಾನು ಎರಡು ದಿನ ಯಾರಿಗೂ ಹೇಳದೆ, ಸೊಸೆಯ ಮುಖ ನೋಡಿದಾಗೆಲ್ಲ ಒಳಗೊಳಗೇ ನಕ್ಕೆ. ಆಮೇಲೆ ಅವಳಿಗೆ ಬರೆದೆ: "ಚೊಚ್ಚಲ ಹೆರಿಗೆ ತವರಿನಲ್ಲಿ. ಯಾವಾಗ ಬರ್ತೀ?" ಅವಳ ತವರು ಅಂದರೆ ಇದೇ, ಸೀಬ್‌ನ ನಮ್ಮ ಫ್ಲಾಟು. ಊರಿನ ಮನೆಯಲ್ಲಿ ಅವಳು ರಜೆಗಿಂತ ಹೆಚ್ಚು ದಿನ ಇದ್ದವಳಲ್ಲ. ಹುಟ್ಟಿದ್ದು ಈ ಊರಿನ ಆಸ್ಪತ್ರೆಯಲ್ಲಿ, ಓದಿದ್ದು ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ, ಮದುವೆಯಾದದ್ದೂ ಇಲ್ಲೇ ಬೆಳೆದ ಹುಡುಗನನ್ನು.

ವಿಷಯ ಬಹಿರಂಗವಾದ ಮೇಲೆ ಮಗ ನನ್ನ ಮಾತಿಗೆ ಬೇಡವೇ ಬೇಡ ಎಂದು ಕೈ ಆಡಿಸಿಬಿಟ್ಟ.

"ಅಮ್ಮ, ಅಲ್ಲಿ ಹೆತ್ರೆ ಮಗುವಿಗೆ ಹುಟ್ಟುವಾಗ್ಲೇ ಆ ದೇಶದ ಪಾಸ್‌ಪೋರ್ಟು. ಜನ ಅದಕ್ಕೋಸ್ಕರ ಎಂತೆಂತ ಒದ್ದಾಡ್ತಾರೆ ಗೊತ್ತುಂಟಾ? ನೀವು ಇಲ್ಲಿಗೆ ಕರೀತೀರಿ."

"ಮಗುವಿಗೆ ಮೊದ್ಲು ಬೇಕಾದ್ದು ಎಣ್ಣೆ ಹಚ್ಚಿ ಮೀಯಿಸುವವರು ಮಾರಾಯ. ಪಾಸ್‌ಪೋರ್ಟು ಹಚ್ಚಿ ಮೀಯಿಸ್ಲಿಕ್ಕೆ ಆಗ್ತದಾ?"

ಸೊಸೆ ಅಡಿಗೆಮನೆಯಿಂದ ನಕ್ಕಳು. ಆದರೆ ಗಂಡನ ಕಡೆಗೇ ನಿಂತಳು. ನಾನು ಸೋತೆ. ಸೋತು ಸುಮ್ಮನಿದ್ದೆ ಎಂದು ಅವರು ತಿಳಿದುಕೊಂಡರು.

ಅಷ್ಟರಲ್ಲಿ ಅಮೆರಿಕದಿಂದ ಬರುವ ಒಂದು ಸುದ್ದಿ ದಿನದಿನಕ್ಕೆ ದೊಡ್ಡದಾಯಿತು. ತಾತ್ಕಾಲಿಕ ವೀಸಾದಲ್ಲಿ ಇರುವವರು ಅಲ್ಲಿ ಹೆತ್ತರೆ ಆ ಮಗು ಅಮೆರಿಕದ್ದಲ್ಲ ಎಂದು ಅಲ್ಲಿನ ಸರ್ಕಾರ ಒಂದು ಆಜ್ಞೆ ಹೊರಡಿಸಿತ್ತಲ್ಲ, ಅದನ್ನು ಕೆಳಗಿನ ಕೋರ್ಟುಗಳು ತಡೆದು ನಿಲ್ಲಿಸಿದ್ದವು. ಈಗ ಅದು ಎಲ್ಲಕ್ಕಿಂತ ಮೇಲಿನ ಕೋರ್ಟಿಗೆ ಹೋಯಿತು. ನನ್ನ ಮೊಮ್ಮಗಳು, ಅವಳ ಗಂಡ ಇಬ್ಬರೂ ಅಂಥ ವೀಸಾದವರೇ. ಮಗ ಮರುದಿನದಿಂದಲೇ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಫೋನು ನೋಡತೊಡಗಿದ. ಪಾಸ್‌ಪೋರ್ಟು ಪಾಸ್‌ಪೋರ್ಟು ಎಂದು ಹಾರಾಡಿದವನ ಬಾಯಿಂದ ಹೊಸ ಮಾತು ಹೊರಟಿತು: "ತೀರ್ಪು ಬರ್ಲಿ ಅಮ್ಮ. ಕೊಡ್ತೇವೆ ಅಂದ್ರೆ ಅಲ್ಲೇ ಇರ್ಲಿ. ಇಲ್ಲ ಅಂದ್ರೆ ಇಲ್ಲಿಗೆ ಬರ್ಲಿ."

ತೀರ್ಪು ಯಾವಾಗ ಬರುತ್ತದೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಹೊಟ್ಟೆ ಅವರಿಗಾಗಿ ಕಾಯುತ್ತದಾ? ಎಂಟು ತಿಂಗಳು ದಾಟಿದರೆ ವಿಮಾನದವರು ಬಸುರಿಯನ್ನು ಹತ್ತಿಸುವುದಿಲ್ಲ. ಆ ಕರಿ ಕೋಟಿನವರು ತಮ್ಮ ಪುರುಸೊತ್ತಿನಲ್ಲಿ ಬಾಯಿ ಬಿಡುವಾಗ ನನ್ನ ಹುಡುಗಿ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂಬ ಹಾಗೆ ಸಿಕ್ಕಿ ಬಿದ್ದಿರುತ್ತಾಳೆ. ಬರುವುದಾದರೆ ಈಗ, ತೀರ್ಪಿಗೆ ಮೊದಲೇ ಬರಬೇಕು. ಇಷ್ಟು ಸಣ್ಣ ಲೆಕ್ಕ ಇಂಜಿನಿಯರಾದ ನನ್ನ ಮಗನ ತಲೆಗೆ ಹೋಗಲಿಲ್ಲ.

ವಿಚಾರಣೆಯನ್ನು ಮಗ ಕಾರಿನಲ್ಲಿ ಹಾಕಿ ಕೇಳಿಸಿದ. ಖುರುಮ್‌ಗೆ ಹೋಗುವ ದಾರಿಯುದ್ದಕ್ಕೂ ಅದೇ. ನನಗೆ ಆ ಇಂಗ್ಲಿಷು ಅರ್ಥವಾಗಲಿಲ್ಲ ಎಂದು ಅವನು ತಿಳಿದ. ಮಾತು ಅರ್ಥವಾಗದಿದ್ದರೆ ಏನಾಯಿತು, ದನಿ ಅರ್ಥವಾಗುವುದಿಲ್ಲವಾ? ಒಬ್ಬರಿಗಿಂತ ಒಬ್ಬರು ಸಮಾಧಾನದಲ್ಲಿ, ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತಾ ಕೂತವರ ಹಾಗೆ ಮಾತಾಡುತ್ತಿದ್ದರು. ಬೈದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

"ಇವರನ್ನು ಅಲ್ಲಿ ಕೂರಿಸಿದ್ದು ಯಾರು?" ಎಂದು ಕೇಳಿದೆ.

"ಪ್ರೆಸಿಡೆಂಟುಗಳು ಅಮ್ಮ. ಒಬ್ಬೊಬ್ಬರನ್ನು ಒಬ್ಬೊಬ್ರು. ಒಮ್ಮೆ ಕೂತ್ರೆ ಸಾಯುವವರೆಗೂ ಅವರೇ."

"ಹಾಗಾದ್ರೆ ತೀರ್ಪು ಈಗ್ಲೇ ಬರ್ದಾಗಿದೆ. ಇದು ನಾಟಕ."

ಮಗ ಹೂಂಗುಟ್ಟಿದ. ಅವನ ಆಫೀಸಿನಲ್ಲಿ, ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ, ಸೂಪರ್ ಮಾರ್ಕೆಟಿನ ಮೀನಿನ ಸಾಲಿನಲ್ಲಿ, ಎಲ್ಲೆಲ್ಲೂ ಜನ ಅದನ್ನೇ ಹೇಳುತ್ತಿದ್ದರು. ಮಕ್ಕಳು ಅಲ್ಲಿರುವವರು ಹೆದರಿ ಹೇಳುತ್ತಿದ್ದರು, ಇಲ್ಲದವರು ಖುಷಿಯಲ್ಲಿ ಹೇಳುತ್ತಿದ್ದರು, ಅಷ್ಟೇ ವ್ಯತ್ಯಾಸ. ನಾನು ಸಣ್ಣವಳಿದ್ದಾಗ ನಮ್ಮೂರಿಗೂ ಪಕ್ಕದೂರಿಗೂ ಕಬಡ್ಡಿ ಪಂದ್ಯ ನಡೆಯುತ್ತಿತ್ತು. ಅಂಪೈರು ಮಧ್ಯಾಹ್ನ ಯಾರ ಮನೆಯಲ್ಲಿ ಊಟ ಮಾಡಿದ ಎಂದು ನೋಡಿಯೇ ನಾವು ಹುಡುಗಿಯರು ಗೆಲ್ಲುವವರು ಯಾರೆಂದು ಹೇಳಿಬಿಡುತ್ತಿದ್ದೆವು. ಒಮ್ಮೆಯೂ ತಪ್ಪಲಿಲ್ಲ. ಈ ಒಂಬತ್ತು ಜನರ ಊಟ ಯಾವ ಮನೆಯಲ್ಲಿ ಎಂದು ಇಡೀ ಪ್ರಪಂಚಕ್ಕೆ ಗೊತ್ತು.

ಒಮಾನಿನಲ್ಲಿ ಕೂತು ಅಮೆರಿಕವನ್ನು ಬೈಯಲು ನಿಮಗೆ ನಾಚಿಕೆಯಿಲ್ಲವಾ ಎಂದು ನೀವು ಕೇಳಬಹುದು. ಮೊಮ್ಮಗಳು ಇಲ್ಲಿ ಹುಟ್ಟಿದಾಗ ಅವಳಿಗೆ ಇಲ್ಲಿನ ಪೌರತ್ವ ಕೊಟ್ಟರಾ? ಇಲ್ಲ. ಅವಳಪ್ಪ ನಮ್ಮ ಎಂಬಸಿಗೆ ಓಡಿ ಅವಳಿಗೊಂದು ಭಾರತದ ಪಾಸ್‌ಪೋರ್ಟು ಮಾಡಿಸಿ ತಂದ. ಫೋಟೋದಲ್ಲಿ ಅವಳು ಕಣ್ಣು ಮುಚ್ಚಿ ಆಕಳಿಸುತ್ತಿದ್ದಳು. ಯಾರಿಗೂ ಬೇಸರವಾಗಲಿಲ್ಲ. ಈ ದೇಶ ಮೊದಲ ದಿನವೇ ಮುಖಕ್ಕೆ ಹೇಳಿದೆ: ಕೆಲಸ ಇರುವಷ್ಟು ದಿನ ಇರಿ, ಕೆಲಸ ಕೊಟ್ಟ ಕಫೀಲ್ ಬೇಡ ಅಂದ ದಿನ ಖಲಾಸ್, ಗಂಟು ಕಟ್ಟಿ. ಇಲ್ಲಿ ಯಾರೂ ಆಸೆ ತೋರಿಸಲಿಲ್ಲ, ಯಾರೂ ಮೋಸ ಹೋಗಲಿಲ್ಲ. ಎಲೆ ಹಾಕಿ, ನೀರು ಚಿಮುಕಿಸಿ, ಅನ್ನದ ಪಾತ್ರೆ ಎದುರಿಗೆ ತಂದು ನಿಲ್ಲಿಸಿ, ಆಮೇಲೆ "ಇವರಿಗೆ ಬಡಿಸಬೇಕಾ" ಎಂದು ಮೀಟಿಂಗು ಮಾಡುವುದುಂಟಲ್ಲ, ಅದು ನನಗೆ ಆಗದ್ದು.

ಆದರೆ ಆ ಕೋರ್ಟನ್ನು ನಂಬುವವರೂ ಒಬ್ಬರಿದ್ದರು: ನಮ್ಮ ಬೀಗರು, ಅಂದರೆ ಮೊಮ್ಮಗಳ ಮಾವ. ಅವರ ಮನೆ ಮದೀನತ್ ಸುಲ್ತಾನ್ ಖಾಬೂಸ್‌ನಲ್ಲಿ. ದೊಡ್ಡ ಕಂಪನಿಯಲ್ಲಿ ದೊಡ್ಡ ಕೆಲಸ, ಮಾತಾಡುವಾಗ ಕನ್ನಡಕ ತೆಗೆದು ಒರೆಸುವ ಅಭ್ಯಾಸ. ಒಂದು ಸಂಜೆ ಅವರ ಮನೆಯಲ್ಲಿ ಕರಕ್ ಚಾ ಕುಡಿಯುವಾಗ ನನಗೆ ಪಾಠ ಮಾಡಿದರು.

"ಅಮ್ಮಾ, ನೀವು ಸುಮ್ಮನೆ ಹೆದರೂದು. ಅವರ ಸಂವಿಧಾನದಲ್ಲೇ ಬರ್ದುಂಟು, ಅಲ್ಲಿ ಹುಟ್ಟಿದವರು ಅಲ್ಲಿಯವರು ಅಂತ. ನೂರೈವತ್ತು ವರ್ಷಕ್ಕಿಂತ ಹಳೇದು."

"ಬರ್ದುಂಟು ಅಂತಾದ್ರೆ ಇವರೀಗ ಕೂತು ನೋಡೂದು ಎಂತದ್ದು ಬೀಗರೇ?"

"ಅದರ ಅರ್ಥ ಎಂತ ಅಂತ."

"ನೂರೈವತ್ತು ವರ್ಷ ಎಲ್ಲರಿಗೂ ಅರ್ಥ ಆದದ್ದು, ನನ್ನ ಮೊಮ್ಮಗಳು ಬಸುರಾದ ಕೂಡ್ಲೆ ಅರ್ಥ ಆಗೂದಿಲ್ವಾ?"

ಅವರು ಕನ್ನಡಕ ಒರೆಸಿದರು. "ನಮ್ಮ ಸೊಸೆ ಅಲ್ಲೇ ಇರ್ಲಿ. ಹೊರಗೆ ಬಂದ್ರೆ ತಿರುಗಿ ಒಳಗೆ ಹೋಗ್ಲಿಕ್ಕೆ ವೀಸಾದ್ದು ತಲೆನೋವು. ನಾವು ತೀರ್ಮಾನ ಮಾಡಿಯಾಗಿದೆ" ಎಂದರು. ನಾವು ಅಂದರೆ ಅವರು. ಪಕ್ಕದಲ್ಲಿ ಕೂತ ಬೀಗಿತ್ತಿ ಬಿಸ್ಕೆಟಿನ ತಟ್ಟೆ ನನ್ನ ಕಡೆಗೆ ದೂಡಿದರು. ನಾನು ತಿನ್ನಲಿಲ್ಲ. ಆ ಮನೆಯಿಂದ ಹೊರಡುವಾಗಲೇ ನನ್ನ ತಲೆಯಲ್ಲಿ ಉಪಾಯ ಹೊಳೆದಿತ್ತು.

ಈ ಬೀಗಿತ್ತಿ ಊರಿನ ಕ್ರಮಗಳೆಂದರೆ ಪ್ರಾಣ ಬಿಡುವ ಹೆಂಗಸು. ನಮ್ಮ ಕಡೆಯಲ್ಲಿ ಏಳನೇ ತಿಂಗಳಿಗೆ ಗಂಡನ ಮನೆಯವರು ಬಯಕೆ ಮಾಡುತ್ತಾರೆ. ಸೀಮಂತಕ್ಕೆ ನಾವು ಹಾಗೆನ್ನುವುದು. ಮಡಿಲು ತುಂಬಿಸಿ, ಬಯಸಿದ್ದನ್ನೆಲ್ಲ ಉಣ್ಣಿಸಿ, ಎಲ್ಲರೆದುರಿಗೆ ಅತ್ತೆಯೇ ಸೊಸೆಯನ್ನು ತಾಯಿಮನೆಯವರ ಕೈಗೆ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಬಸುರಿ ಆ ಮನೆಯಲ್ಲಿ ನಿಲ್ಲುವ ಹಾಗಿಲ್ಲ. ಹಾಗೆ ಒಮ್ಮೆ ಬಾಯಿಬಿಟ್ಟು ಒಪ್ಪಿಸಿದರೆ, ಸೊಸೆ ಅಲ್ಲೇ ಇರಲಿ ಎಂದು ಬೀಗರು ಯಾವ ಮುಖದಲ್ಲಿ ಹೇಳುತ್ತಾರೆ?

ಮಸ್ಕತ್ತಿನಲ್ಲಿರುವ ನಮ್ಮ ಕಡೆಯ ಹೆಂಗಸರದ್ದೊಂದು ವಾಟ್ಸಾಪ್ ಗ್ರೂಪು ಇದೆ. ಅದರಲ್ಲಿ ಬರೆದೆ. ಒಂದೇ ಬೆರಳಿನಲ್ಲಿ, ತುಂಬಾ ಹೊತ್ತು ಹಿಡಿಯಿತು. "ನಮ್ಮ ಮೊಮ್ಮಗಳಿಗೆ ಏಳನೇ ತಿಂಗಳು ಬಂತು. ಬಯಕೆಯ ದಿನ ಬೀಗಿತ್ತಿಯಮ್ಮ ತಿಳಿಸುತ್ತಾರೆ. ಎಲ್ಲರೂ ಬರಬೇಕು." ಕಳಿಸಿ ಫೋನು ಕವುಚಿಟ್ಟು ಮಲಗಿದೆ. ಎದ್ದು ನೋಡಿದರೆ ಕೈ ಮುಗಿಯುವ ಚಿತ್ರಗಳು, ಹೂಗಳು, "ಊಟಕ್ಕೆ ಕೋಳಿ ಸುಕ್ಕ ಉಂಟಲ್ಲ?" ಎಂಬ ಪ್ರಶ್ನೆಗಳು. ಬೀಗಿತ್ತಿ ಎಲ್ಲರಿಗೂ ಉತ್ತರ ಕೊಡುತ್ತಾ ದಿನವನ್ನೂ ನಿಶ್ಚಯಿಸಿಬಿಟ್ಟಿದ್ದರು. ಹುಡುಗಿ ಅಮೆರಿಕದಲ್ಲಿದ್ದಾಳೆ, ಮಣೆ ಮೇಲೆ ಕೂರುವವರು ಯಾರು ಎಂದು ಸೊಸೆ ನನ್ನನ್ನು ಕೇಳಿದಳು. "ಫೋನು" ಎಂದೆ.

ಹಾಗೆ ಬಂತು ಆ ಶುಕ್ರವಾರದ ಸಂಜೆ, ಬೀಗರ ಮನೆಯಲ್ಲಿ. ಮೊಮ್ಮಗಳಿಗೆ ಅಲ್ಲಿ ಬೆಳಿಗ್ಗೆ. ಸೊಸೆ ಮಣೆಗೆ ಹಸಿರು ಸೀರೆ ಹೊದೆಸಿ, ಮೇಲೆ ಹರಿವಾಣ ಇಟ್ಟು, ಅದರಲ್ಲಿ ಅಕ್ಕಿ ಹರಡಿ, ತೆಂಗಿನಕಾಯಿಗೆ ನನ್ನ ಫೋನನ್ನು ಒರಗಿಸಿ ನಿಲ್ಲಿಸಿದಳು. ಮಗ ಮೀಟಿಂಗ್ ಆಪ್ ಹಾಕಿ, ಬಂದವರೆಲ್ಲ ನೋಡಲಿ ಎಂದು ಗೋಡೆಯ ದೊಡ್ಡ ಟೀವಿಗೂ ಸೇರಿಸಿದ. ನನ್ನ ಹುಡುಗಿಯ ಮುಖ ಗೋಡೆ ತುಂಬಾ ಕಂಡಿತು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಕೆನ್ನೆ ತುಂಬಿಕೊಂಡಿತ್ತು. ನನಗೆ ಒಂದು ಗಳಿಗೆ ಕೋರ್ಟೂ ನೆನಪಾಗಲಿಲ್ಲ, ಉಪಾಯವೂ ನೆನಪಾಗಲಿಲ್ಲ.

ಊರಿನಿಂದ ಬಂದ ಉಡುಪಿ ಮಲ್ಲಿಗೆಯನ್ನು ಮೊದಲು ಮುಡಿಸಿದ್ದು ನಾನು. ಫೋನಿನ ತಲೆಯಿಂದ ಇಳಿಬಿಟ್ಟೆ.

"ಅಜ್ಜೀ, ನಂಗೆ ಎಂತದೂ ಕಾಣ್ತಾ ಇಲ್ಲ! ಕ್ಯಾಮರಾ ಮೇಲೆ ಹೂ ಉಂಟು!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಬಿಲ್ಡಿಂಗಿನ ಧಾರವಾಡ ಕಡೆಯ ಹೆಂಗಸೊಬ್ಬರು ಬಂದಿದ್ದರು. "ಏನ್ರೀ ಅಜ್ಜಿ, ನಮ್ಮ ಕಡೆ ಬಸುರಿ ಹೆಂಗಸಿಗೆ ಕುಬಸ ಮಾಡ್ತಾರ್ರೀ. ಫೋನಿಗೆ ಕುಬಸ ಮಾಡೂದು ಇದೇ ಮೊದಲ್ ನೋಡ್ಲಿಕ್ಹತ್ತೀನಿ" ಎಂದರು. ಆಮೇಲೆ ಬೀಗಿತ್ತಿ ಬೆರಳಲ್ಲಿ ಕುಂಕುಮ ತೆಗೆದುಕೊಂಡು, ಕಣ್ಣು ಮುಚ್ಚಿ, ಭಕ್ತಿಯಿಂದ ತಮ್ಮ ಸೊಸೆಯ ಹಣೆಗೆಂದು ಗಾಜಿಗೆ ಒತ್ತಿದರು. ಫೋನ್ ಕಾಲು ಕಟ್ ಆಯಿತು. ಗೋಡೆಯ ಮೇಲಿನ ಮುಖವೂ ಮಾಯ. "ಅಯ್ಯೋ, ಅಪಶಕುನ!" ಎಂದು ಅವರು ಕೂತೇಬಿಟ್ಟರು. "ಶಕುನ ಅಲ್ಲ ಅಕ್ಕ, ಕೆಂಪು ಬಟನು" ಎಂದು ಮಗ ಒರೆಸಿ ಮತ್ತೆ ಹಾಕಿದ.

ಎರಡನೇ ಸಲ ಹಾಕಿದಾಗ ಫೋನಿನ ದನಿ ಟೀವಿಯಲ್ಲಿ, ಟೀವಿಯ ದನಿ ಫೋನಿನಲ್ಲಿ ನುಗ್ಗಿ ಕಿವಿ ಕೊರೆಯುವ ಹಾಗೆ ಕೀಂ ಎಂದಿತು. ಮಕ್ಕಳು ಕಿವಿ ಮುಚ್ಚಿಕೊಂಡರು. ಮೊಮ್ಮಗಳು ಏನೋ ಹೇಳಲು ಶುರುಮಾಡಿದ್ದಳು, "ಅಜ್ಜೀ, ಒನ್ ಮಿನಿಟ್, ಲಿಸನ್" ಎಂದದ್ದು ಕೇಳಿತು. ನಾನು ಫೋನಿನ ಪಕ್ಕದ ಬಟನು ಒತ್ತಿ ಹಿಡಿದೆ, ಟೀವಿಯ ರಿಮೋಟನ್ನೂ ಒತ್ತಿದೆ. ಎರಡರ ದನಿಯೂ ಅಡಗಿತು. ಎಷ್ಟು ಹಿತವಾಯಿತು! ಗೋಡೆಯ ಮೇಲೆ ಅವಳ ತುಟಿ ಅಲ್ಲಾಡುತ್ತಿತ್ತು, ಕೈ ಆಡುತ್ತಿತ್ತು. "ಎಷ್ಟು ಚಂದ ಮಾತಾಡ್ತಾಳೆ ನೋಡಿ" ಎಂದು ಒಬ್ಬರು ಅಂದರು. ಎಲ್ಲರೂ ಅವಳಿಗೆ ಕೈ ಬೀಸಿದರು.

ಮುಂದಿನದೆಲ್ಲ ಕ್ರಮದಂತೆ ನಡೆಯಿತು. ಹಸಿರು ಬಳೆಗಳನ್ನು ಹರಿವಾಣಕ್ಕೆ ಇಟ್ಟರು. ಯಾರೋ ಕೈಚೀಲದಲ್ಲಿ ಜೋಪಾನವಾಗಿ ತಂದ ಅಡಿಕೆ ಹೂವಿನ ಹಿಂಗಾರವನ್ನು ಮಡಿಲಿಗೆಂದು ಸೀರೆಯ ಮಡಿಕೆಗೆ ಸಿಕ್ಕಿಸಿದರು. ಎಲೆಯಲ್ಲಿ ನೀರುದೋಸೆ, ಸುಕ್ಕ, ಹೋಳಿಗೆ, ಚಕ್ಕುಲಿ ಬಡಿಸಿ ಫೋನಿನ ಎದುರಿಗಿಟ್ಟರು. ಮೊಮ್ಮಗಳು ಮಾತು ನಿಲ್ಲಿಸಿ ಎಲೆಯನ್ನೇ ನೋಡಿದಳು. ಬಾಯಲ್ಲೂರಿದ ನೀರು ನುಂಗಿದ್ದು ಗಂಟಲಲ್ಲಿ ಕಂಡಿತು.

ಒಪ್ಪಿಸುವ ಹೊತ್ತು ಬಂತು. ಬೀಗಿತ್ತಿ ಹರಿವಾಣವನ್ನು ಎರಡೂ ಕೈಯಲ್ಲಿ ಎತ್ತಿದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನನ್ನ ಸೊಸೆಯ ಎದುರು ನಿಂತು, "ನಮ್ಮ ಹುಡುಗಿಯನ್ನು ಕರ್ಕೊಂಡು ಹೋಗಿ. ತಾಯಿ ಮಗು ಇಬ್ಬರನ್ನೂ ಕ್ಷೇಮವಾಗಿ ತಿರುಗಿ ಕರ್ಕೊಂಡು ಬನ್ನಿ" ಎಂದರು. ಸೊಸೆ ಕೈ ಚಾಚಿ ತೆಗೆದುಕೊಂಡಳು.

"ಎಲ್ಲರೂ ಕೇಳಿದ್ರಲ್ಲ?" ಎಂದೆ ನಾನು, ಗಟ್ಟಿಯಾಗಿ. "ಕಳಿಸಿಕೊಟ್ಟಾಯ್ತು. ಇನ್ನು ಹೆರಿಗೆ ತವರಿನಲ್ಲೇ. ಬೀಗರೇ, ನೀವೂ ಕೇಳಿದ್ರಲ್ಲ?"

ಬೀಗರು ಕನ್ನಡಕ ತೆಗೆದರು. ಒರೆಸುವುದನ್ನು ಮರೆತರು. "ಅದು... ಶಾಸ್ತ್ರಕ್ಕೆ ಹೇಳಿದ್ದು ಅಮ್ಮಾ" ಎಂದರು.

"ಶಾಸ್ತ್ರ ಅಂದ್ರೆ ಸುಳ್ಳಾ? ನಿಮ್ಮ ಕೋರ್ಟಿನಲ್ಲಿ ಬರ್ದದ್ದು ಮಾತ್ರ ಸತ್ಯವಾ?"

ಹೆಂಗಸರೆಲ್ಲ ನನ್ನ ಕಡೆ. ಕ್ರಮ ಅಂದ ಮೇಲೆ ಕ್ರಮ, ಆ ಕೋರ್ಟನ್ನು ಯಾರು ನಂಬುತ್ತಾರೆ, ಹುಡುಗಿ ಬರಲಿ ಎಂದು ಒಬ್ಬರ ಮೇಲೊಬ್ಬರು ಹೇಳಿದರು. ಬೀಗಿತ್ತಿಯೂ ಗಂಡನ ಮುಖ ನೋಡಿ, "ನಾನು ಹೇಳಿಯಾಯ್ತಲ್ಲ, ಇನ್ನು ಮಾತು ಬದಲಿಸ್ಲಿಕ್ಕೆ ಆಗೂದಿಲ್ಲ" ಎಂದುಬಿಟ್ಟರು. ನನಗೆ ಅಲ್ಲೇ ಕುಣಿಯುವಷ್ಟು ಖುಷಿ. ನನ್ನ ಮಂಡಿ ಬಿಡಲಿಲ್ಲ, ಅಷ್ಟೇ.

ಒಪ್ಪಿಸಿದ ಮೇಲೆ ಬಸುರಿ ಹಿಂದೆ ತಿರುಗಿ ನೋಡಬಾರದು. ಸೊಸೆ ಫೋನಿನ ಕ್ಯಾಮರಾ ಬಾಗಿಲ ಕಡೆಗೆ ಮಾಡಿ ಹರಿವಾಣ ಹಿಡಿದು ಮೆಟ್ಟಿಲಿಳಿದಳು. ಹಿಂದೆ ನಾನು, ನನ್ನ ಹಿಂದೆ ಹಿಂಗಾರ ಹಿಡಿದ ಹೆಂಗಸರು. ವಾಚ್‌ಮ್ಯಾನ್ ಎದ್ದು ನಿಂತು ನೋಡಿದ. ಸೀಬ್‌ಗೆ ಹೊರಟ ಕಾರಿನಲ್ಲಿ ಸೊಸೆ ಹರಿವಾಣವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ನನ್ನ ಪಕ್ಕ ಕೂತಳು. ಮಗ ಚಾರ್ಜರಿನ ವೈರು ಹಿಂದಕ್ಕೆ ಕೊಟ್ಟ. ಎಕ್ಸ್‌ಪ್ರೆಸ್ ವೇಗೆ ಬಂದ ಮೇಲೆ ನಾನು ಹೂ ಸರಿಸಿ, ಬಟನು ಒತ್ತಿ ದನಿ ಏರಿಸಿದೆ.

"ಅಜ್ಜೀ! ಈಗ ಕೇಳ್ತದಾ?"

"ಕೇಳ್ತದೆ ಪುಟ್ಟೀ. ಎಲ್ಲಾ ಸರಿಯಾಯ್ತು. ನಿನ್ನ ಅತ್ತೆ ಎಲ್ಲರೆದುರು ಕಳಿಸಿಕೊಟ್ಟಾಯ್ತು. ಇನ್ನು ಬೇಗ ಬೇಗ ಟಿಕೇಟು ಮಾಡು, ಯಲ್ಲಾ!"

"ನಾನು ಬರೂದಿಲ್ಲ."

ಮಗ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ. ಸೊಸೆ ಹರಿವಾಣದ ಬಳೆಗಳ ಮೇಲೆ ಕೈ ಇಟ್ಟುಕೊಂಡಳು.

"ನಾನು ಅದನ್ನೇ ಅಷ್ಟು ಹೊತ್ತಿಂದ ಹೇಳ್ತಾ ಇದ್ದೆ" ಎಂದಳು ಮೊಮ್ಮಗಳು. "ಎಲ್ಲರೂ ನನ್ನ ನೋಡಿ ಕೈ ಬೀಸ್ತಾ ಇದ್ರು. ಯಾರೂ ಆನ್ಸರ್ ಮಾಡ್ಲಿಲ್ಲ."

"ಆ ಕೋರ್ಟಿನವರನ್ನು ನಂಬಿ ಅಲ್ಲಿ ಕೂತಿದ್ದೀಯಾ ಮಾರಾಯ್ತಿ? ನಿನ್ನ ಮಾವನ ಪಾಠ ನಿಂಗೂ ಹತ್ತಿತಾ?"

"ಇಲ್ಲ ಅಜ್ಜಿ. ಅವರ ಮೇಲೆ ನಂಗೂ ನಂಬಿಕೆ ಇಲ್ಲ. ಇಲ್ಲಿ ಆಫೀಸಲ್ಲಿ ಯಾರಿಗೂ ಇಲ್ಲ. ಪಾಸ್‌ಪೋರ್ಟು ಯಾವ ಬಣ್ಣದ್ದು ಬರ್ತದೋ ಬರ್ಲಿ. ನನ್ನ ಡಾಕ್ಟರ್ ಇಲ್ಲಿದ್ದಾಳೆ. ಇವರಿಗೆ ಅಷ್ಟು ದಿನ ಲೀವ್ ಸಿಗೂದಿಲ್ಲ. ಮಗು ಬರುವಾಗ ಇವರು ಪಕ್ಕದಲ್ಲಿ ಇರ್ಬೇಕು. ದಟ್ಸ್ ಆಲ್. ಅಮ್ಮ ಬೇಕಾದ್ರೆ ಇಲ್ಲಿಗೆ ಬರ್ಲಿ."

ಅವಳ ದನಿಯಲ್ಲಿ ಜಗಳ ಇರಲಿಲ್ಲ. ತುಂಬಾ ಸಲ ಒಬ್ಬಳೇ ಹೇಳಿ ಅಭ್ಯಾಸ ಮಾಡಿದ ಹಾಗಿತ್ತು. ಸೊಸೆ ಮೆಲ್ಲಗೆ "ಬರ್ತೇನೆ ಮಗಾ" ಎಂದಳು. ನನ್ನ ಒಪ್ಪಿಗೆ ಕೇಳಲಿಲ್ಲ, ಗಂಡನದ್ದೂ ಕೇಳಲಿಲ್ಲ. ನನ್ನ ಉಪಾಯವೆಲ್ಲ ಎಕ್ಸ್‌ಪ್ರೆಸ್ ವೇಯ ಮೇಲೆ ಮಲ್ಲಿಗೆಯ ಜೊತೆ ಬಾಡುತ್ತಾ ಇತ್ತು. ನನಗೆ ಸಿಟ್ಟು ತಡೆಯಲಿಲ್ಲ. ಸಿಟ್ಟು ಬಂದಾಗ ಬೈಯಲು ಆ ಕೋರ್ಟು ಇದ್ದೇ ಇತ್ತಲ್ಲ.

"ಕರಿ ನಿಲುವಂಗಿ ಹಾಕಿದ ಒಂಬತ್ತು ಜನ" ಎಂದೆ. "ನಿನ್ನ ಮುಖ ಕೂಡ ನೋಡದವರು. ನಿನ್ನನ್ನೊಂದು ಮಾತು ಕೇಳದವರು. ಅವರು ಕೂತು ನಿನ್ನ ಮಗು ಎಲ್ಲಿಯದ್ದು ಅಂತ ಹೇಳೂದು. ನಿಂಗೆ ಮೈ ಉರಿಯೂದಿಲ್ವಾ?"

"ಉರೀತದೆ ಅಜ್ಜಿ" ಎಂದಳು. "ಆದ್ರೆ ಅವರು ಎರಡೂ ಕಡೆಯವರಿಗೆ ಮಾತಾಡ್ಲಿಕ್ಕಾದ್ರೂ ಬಿಟ್ರು. ನೀವು ನನ್ನ ಮುಖ ಅಷ್ಟು ದೊಡ್ಡ ಟೀವಿಯಲ್ಲಿ ನೋಡ್ತಾ, ಸೌಂಡ್ ತೆಗ್ದು ಕೂತಿದ್ರಿ."